ಟಿಕೆಟಿನ ಮೇಲಿನ ಶೇ 57: ರೈಲ್ವೆ ಸುಧಾರಣೆಯ ಹಳೆಯ ಲೆಕ್ಕ

2016ರಲ್ಲಿ ರೈಲು ಟಿಕೆಟಿನ ಮೇಲೆ ಹೊಸದೊಂದು ಸಾಲು ಅಚ್ಚಾಗತೊಡಗಿತು: ಪ್ರಯಾಣದ ವೆಚ್ಚದಲ್ಲಿ ರೈಲ್ವೆಯು ಸರಾಸರಿ ಶೇ 57ರಷ್ಟನ್ನು ಮಾತ್ರ ವಸೂಲು ಮಾಡುತ್ತದೆ. ಮಾಡಿದ ಉಪಕಾರವನ್ನು ನೆನಪಿಸುವ ಧಾಟಿಯ ಈ ಸಾಲು ಹೇಳದೆ ಬಿಟ್ಟ ಮಾತೆಂದರೆ, ಕೊರತೆಯ ದೊಡ್ಡ ಪಾಲನ್ನು ಕಲ್ಲಿದ್ದಲು, ಅದಿರು, ಸಿಮೆಂಟು ಹೊರುವ ಗೂಡ್ಸ್ ಗಾಡಿಗಳ ಗಳಿಕೆಯೇ ತುಂಬುತ್ತದೆ ಎಂಬುದು.

ಖರ್ಚು ಯಾರ ತಲೆಗೆ ಎಂಬ ಪ್ರಶ್ನೆಗೆ ರೈಲಿನಷ್ಟೇ ವಯಸ್ಸಾಗಿದೆ. ಆರಂಭದಲ್ಲಿ ಬ್ರಿಟನ್ನಿನ ಖಾಸಗಿ ಕಂಪನಿಗಳಿಗೆ ಬಂಡವಾಳದ ಮೇಲೆ ಶೇ 5ರ ಆದಾಯದ ಖಾತರಿ ನೀಡಿ ಹಳಿ ಹಾಕಿಸಲಾಯಿತು. ಕಡಿಮೆ ಬಿದ್ದುದನ್ನು ಇಲ್ಲಿನ ತೆರಿಗೆಯಿಂದ ತುಂಬಿಕೊಡುತ್ತಿದ್ದುದರಿಂದ ಕೈಬಿಗಿ ಹಿಡಿದು ಖರ್ಚು ಮಾಡುವ ದರ್ದು ಆ ಕಂಪನಿಗಳಿಗೆ ಇರಲಿಲ್ಲ. 1920ರಲ್ಲಿ ನೇಮಕಗೊಂಡ ವಿಲಿಯಂ ಆಕ್‌ವರ್ತ್ ಸಮಿತಿಯಲ್ಲಿ ಒಮ್ಮತ ಮೂಡಲಿಲ್ಲವಾದರೂ, ರೈಲ್ವೆಯನ್ನು ಸರ್ಕಾರವೇ ನಡೆಸಬೇಕೆಂಬ ಪಕ್ಷದಲ್ಲಿ ಅಧ್ಯಕ್ಷರೇ ಇದ್ದರು. ರೈಲ್ವೆಯ ಹಣ ಸಾಮಾನ್ಯ ಬೊಕ್ಕಸದಲ್ಲಿ ಕರಗಿಹೋಗದಂತೆ ಅದರ ಲೆಕ್ಕವನ್ನು ಪ್ರತ್ಯೇಕಿಸಬೇಕೆಂಬ ಸಮಿತಿಯ ಸಲಹೆ 1924ರಲ್ಲಿ ಜಾರಿಯಾಯಿತು. ಮರುವರ್ಷವೇ ಎರಡು ದೊಡ್ಡ ಕಂಪನಿಗಳ ಆಡಳಿತ ಸರ್ಕಾರದ ಕೈಸೇರಿತು. ಒಡೆತನದ ವಾದ ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತೆನ್ನಬೇಕು. ಲೆಕ್ಕದ ವಾದ ಮುಗಿಯಲಿಲ್ಲ.

ಸರ್ಕಾರಿ ಒಡೆತನವೆಂದರೆ ಇಲಾಖೆಯ ಹಳೇ ಚಾಳಿಯೇ ಆಗಬೇಕಿಲ್ಲ ಎಂಬುದನ್ನು ಕೊಂಕಣ ರೈಲ್ವೆ ತೋರಿಸಿತು. 1990ರಲ್ಲಿ ಸ್ಥಾಪನೆಯಾದ ಈ ನಿಗಮದಲ್ಲಿ ರೈಲ್ವೆ ಸಚಿವಾಲಯದ ಜೊತೆ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳು ಪಾಲು ಹಾಕಿದವು, ಬಾಂಡ್‌ಗಳ ಮೂಲಕ ಸಾಲ ಎತ್ತಲಾಯಿತು, ಘಟ್ಟದ ಬುಡದ 700 ಕಿಲೋಮೀಟರಿಗೂ ಹೆಚ್ಚಿನ ಮಾರ್ಗ 1998ರ ಜನವರಿಯಲ್ಲಿ ಪೂರ್ತಿ ತೆರೆಯಿತು. ಆ ಸಾಲದ ಹೊರೆ ನಿಗಮವನ್ನು ಬಹುಕಾಲ ಕಾಡಿತೆಂಬುದನ್ನೂ ಮರೆಯುವಂತಿಲ್ಲ.

ಮಾತೃಸಂಸ್ಥೆಯೊಳಗಿನ ಸುಧಾರಣೆ ಮಾತ್ರ ಹೆಜ್ಜೆ ಮುಂದಿಟ್ಟು ಹಿಂದೆಗೆದ ಕಥೆ. ಇಲಾಖೆಗಳ ಒಳಜಗಳ ನಿಲ್ಲಿಸಲು ಅಧಿಕಾರಿಗಳ ಎಂಟು ಪ್ರತ್ಯೇಕ ಸೇವೆಗಳನ್ನು ಒಂದಾಗಿಸುವ ತೀರ್ಮಾನ 2019ರ ಡಿಸೆಂಬರಿನಲ್ಲಿ ಆಯಿತು. ಆದರೆ 2024ರಲ್ಲಿ ಅದರಿಂದ ಹೆಜ್ಜೆ ಹಿಂದೆಗೆದು ಎಂಜಿನಿಯರುಗಳ ನೇಮಕವನ್ನು ಮತ್ತೆ ಎಂಜಿನಿಯರಿಂಗ್ ಪರೀಕ್ಷೆಗೇ ಒಪ್ಪಿಸಲಾಯಿತು. 1924ರ ಪ್ರತ್ಯೇಕ ಬಜೆಟ್ಟು 2017ರಲ್ಲಿ ಕೇಂದ್ರ ಬಜೆಟ್ಟಿನೊಳಗೆ ಸೇರಿಹೋಯಿತು. ಬೊಕ್ಕಸಕ್ಕೆ ಲಾಭಾಂಶ ಕಟ್ಟುವ ಹೊರೆ ಇಳಿಯಿತು, ನಿಜ. ಆದರೆ ಟಿಕೆಟಿನ ಆ ಶೇ 57ರ ಗಂಟು ಹಾಗೆಯೇ ಉಳಿಯಿತು.

ಗಂಟು ಸಡಿಲಿಸಲೆಂದು ಸರಕಿಗೇ ಮೀಸಲಾದ ಎರಡು ಕಾರಿಡಾರ್‌ಗಳನ್ನು ಉತ್ತರ ಮತ್ತು ಪಶ್ಚಿಮ ಭಾರತದಲ್ಲಿ ಕಟ್ಟಲಾಗಿದೆ. ಅವು ಕರ್ನಾಟಕವನ್ನು ಮುಟ್ಟುವುದಿಲ್ಲ. ಬಳ್ಳಾರಿ ಸೀಮೆಯ ಅದಿರಿನ ಗೂಡ್ಸ್ ಗಾಡಿಗಳು ಇಂದಿಗೂ ಎಕ್ಸ್‌ಪ್ರೆಸ್ ದಾಟಿಹೋಗುವವರೆಗೆ ಪಕ್ಕದ ಹಳಿಯಾದ ಲೂಪ್ ಲೈನಿನಲ್ಲಿ ಕಾದು ನಿಲ್ಲುತ್ತವೆ.