ಎಬಿವೈ ಅಂದ್ರೇನು? ಒಂದು ಗಿಟಾರ್, ಎರಡು ಆಂಪ್, ಕಾಲಡಿ ಒಂದು ಸ್ವಿಚ್

ಎಲೆಕ್ಟ್ರಿಕ್ ಗಿಟಾರ್ ನುಡಿಸೋರ ಮಾತಲ್ಲಿ ಎಬಿವೈ ಅನ್ನೋ ಪದ ಆಗಾಗ ಬರುತ್ತೆ, ಎಬಿವೈ ಬಾಕ್ಸ್, ಎಬಿವೈ ಸ್ವಿಚ್, ಎಬಿವೈ ಪೆಡಲ್ ಎಲ್ಲಾ ಒಂದೇ. ಪುಟ್ಟ ಲೋಹದ ಡಬ್ಬಿ, ಮೇಲೆ ಸಾಮಾನ್ಯವಾಗಿ ಎರಡು ಫುಟ್‌ಸ್ವಿಚ್, ಗಿಟಾರ್ ಕಡೆಯಿಂದ ಬರೋಕೆ ಒಂದು ಜ್ಯಾಕ್, ಆಂಪ್ (ದನಿ ದೊಡ್ಡದು ಮಾಡೋ ಆಂಪ್ಲಿಫೈಯರ್) ಕಡೆ ಹೋಗೋಕೆ ಎರಡು ಜ್ಯಾಕ್, ನೋಡೋಕೆ ಇಷ್ಟೇ. ಈ ಮೂರಕ್ಷರ ಯಾವುದೋ ಉದ್ದ ಹೆಸರನ್ನ ಮೊಟಕು ಮಾಡಿದ್ದು ಅಂತ ನಾನೂ ಮೊದಲು ಅಂದ್ಕೊಂಡಿದ್ದೆ, ಹಾಗಲ್ಲ. ಎ ಒಂದು ದಾರಿ, ಬಿ ಇನ್ನೊಂದು ದಾರಿ, ವೈ ಮಾತ್ರ ಆಕಾರ ನೋಡಿ ಇಟ್ಟ ಹೆಸರು. ಇಂಗ್ಲಿಷಿನ ವೈ ಅಕ್ಷರ ಬರೆದು ನೋಡಿ, ಕೆಳಗೊಂದು ಕಾಂಡ, ಮೇಲೆರಡು ಕೊಂಬೆ, ಕನ್ನಡದಲ್ಲಿ ಕವಲು ಅಂತೀವಲ್ಲ ಅದೇ.

ಅಂದ್ರೆ ಈ ಹೆಸರಲ್ಲೇ ಎರಡು ಬೇರೆಬೇರೆ ಕೆಲಸ ಸೇರ್ಕೊಂಡಿದೆ, ಇದನ್ನ ಬಿಡಿಸಿ ನೋಡಿದ್ರೆ ಮುಂದಿನದೆಲ್ಲ ಸಲೀಸು. ಎ/ಬಿ ಅನ್ನೋದು ಆಯ್ಕೆ: ಸಿಗ್ನಲ್ ಈ ಆಂಪಿಗೆ ಹೋಗ್ಲಿ ಇಲ್ಲ ಆ ಆಂಪಿಗೆ ಹೋಗ್ಲಿ, ಎರಡರಲ್ಲಿ ಒಂದು. ವೈ ಅನ್ನೋದು ಹಂಚಿಕೆ: ಎರಡಕ್ಕೂ ಒಟ್ಟಿಗೇ ಹೋಗ್ಲಿ. ಬರೀ ಆಯ್ಕೆ ಮಾಡೋ ಡಬ್ಬಿಗೆ ಎಬಿ ಬಾಕ್ಸ್ ಅಂತಾರೆ, ಬರೀ ಹಂಚೋದಕ್ಕೆ ಸ್ಪ್ಲಿಟರ್ ಅಂತಾರೆ, ಎರಡನ್ನೂ ಕಾಲಲ್ಲೇ ಮಾಡೋಕೆ ಬಿಡೋದು ಎಬಿವೈ. ಆಯ್ಕೆ ಸುಲಭದ ಕೆಲಸ, ಒಂದು ಒಳ್ಳೆ ಸ್ವಿಚ್ ಇದ್ರೆ ಹೆಚ್ಚುಕಮ್ಮಿ ಮುಗೀತು. ಹಂಚಿಕೆ ಹಾಗಲ್ಲ, ಯಾಕಂದ್ರೆ ಎರಡು ಆಂಪನ್ನ ಒಂದೇ ಹೊತ್ತಿಗೆ ಒಂದೇ ಗಿಟಾರಿಗೆ ಸೇರಿಸಿದ ತಕ್ಷಣ ಆ ಎರಡು ಆಂಪು, ಗಿಟಾರು, ಗೋಡೆಯ ಪ್ಲಗ್ ಪಾಯಿಂಟು ಎಲ್ಲಾ ಸೇರಿ ಒಂದೇ ಸರ್ಕ್ಯೂಟ್ ಆಗ್ಬಿಡುತ್ತೆ. ತಲೆನೋವು ಶುರುವಾಗೋದೂ ಅಲ್ಲೇ, ಚೆಂದ ಇರೋದೂ ಅಲ್ಲೇ.

ಮೊದಲು ಚೆಂದದ ಮಾತು. ಎರಡು ಆಂಪ್ ಇಟ್ಕೊಳ್ಳೋದು ಜೋರಾಗಿ ಕೇಳ್ಲಿ ಅಂತ ಅಲ್ಲ, ಪವರ್ ಎರಡರಷ್ಟಾದ್ರೂ ಹೆಚ್ಚೋದು 3 ಡೆಸಿಬೆಲ್ ಮಾತ್ರ, ಕಿವಿಗೆ ಎರಡರಷ್ಟು ಜೋರು ಅನ್ನಿಸೋಕೆ ಸುಮಾರು 10 ಡೆಸಿಬೆಲ್ ಬೇಕು. ನಿಜವಾದ ಲಾಭ ದನಿಯ ಗುಣದಲ್ಲಿದೆ. ಡಿಸ್ಟಾರ್ಷನ್, ಅಂದ್ರೆ ದನಿ ಒಡೆದು ಒರಟಾಗೋದು, ಜಾಸ್ತಿ ಇಟ್ಟ ಆಂಪಲ್ಲಿ ಸ್ವರ ಉದ್ದಕ್ಕೆ ನಿಲ್ಲುತ್ತೆ, ದಪ್ಪಗಿರುತ್ತೆ, ಆದ್ರೆ ಪಿಕ್ ತಂತಿಗೆ ತಾಗೋ ಆ ಮೊದಲ ಏಟು ಮಸುಕಾಗುತ್ತೆ, ದೊಡ್ಡ ಕಾರ್ಡ್ ನುಡಿಸಿದ್ರೆ ಒಳಗಿನ ಸ್ವರಗಳು ಒಂದಕ್ಕೊಂದು ಕಲಸಿಹೋಗ್ತಾವೆ. ದನಿ ಒಡೆಯದ ಕ್ಲೀನ್ ಆಂಪಲ್ಲಿ ಇದರ ತಿರುಗುಮುರುಗು, ಪ್ರತಿ ತಂತಿನೂ ಬಿಡಿಬಿಡಿಯಾಗಿ ಕೇಳುತ್ತೆ, ಆದ್ರೆ ಸ್ವರ ಬೇಗ ಸೊರಗುತ್ತೆ. ಎರಡನ್ನೂ ಒಟ್ಟಿಗೆ ನುಡಿಸಿದ್ರೆ ಕ್ಲೀನ್ ಆಂಪ್ ಏಟನ್ನ ಕೊಡುತ್ತೆ, ಇನ್ನೊಂದು ಮೈ ತುಂಬುತ್ತೆ. ಒಂದೇ ಆಂಪಿನ ಗೇನ್ ನಾಬನ್ನ ಮಧ್ಯಕ್ಕೆ ಇಟ್ರೆ ಇದು ಸಿಗಲ್ಲ, ಅರ್ಧ ಡಿಸ್ಟಾರ್ಷನ್ ಬೇರೆ, ಪೂರ್ತಿ ಕ್ಲೀನ್ ಜೊತೆಗೆ ಪೂರ್ತಿ ಡಿಸ್ಟಾರ್ಷನ್ ಬೇರೆ, ಒಮ್ಮೆ ಕೇಳಿದ ಮೇಲೆ ಕಿವಿ ಇದನ್ನ ಮರೆಯಲ್ಲ. ಬ್ಯಾಸ್ ಗಿಟಾರ್ ನುಡಿಸೋರು ಇದನ್ನ ಇನ್ನೂ ಹೆಚ್ಚು ಮೆಚ್ಕೊಳ್ತಾರೆ, ಡಿಸ್ಟಾರ್ಷನ್ ಹಾಕಿದಾಗ ಕೆಳಗಿನ ದನಿ ಕಳೆದುಹೋಗೋದು ಅವರಿಗೆ ದೊಡ್ಡ ಕಾಟ, ಪಕ್ಕದಲ್ಲಿ ಒಂದು ಕ್ಲೀನ್ ದಾರಿ ಇದ್ರೆ ತಳ ಗಟ್ಟಿಯಾಗಿ ಉಳಿಯುತ್ತೆ.

ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಅವರು ಫೆಂಡರ್, ಡಂಬಲ್ ಕಂಪನಿಗಳ ಆಂಪ್‌ಗಳನ್ನೆಲ್ಲ ಒಟ್ಟೊಟ್ಟಿಗೆ ಆನ್ ಮಾಡಿ ನುಡಿಸ್ತಿದ್ರು, ಆ ಅಗಲವಾದ ದನಿಗೆ ಅದೂ ಒಂದು ಕಾರಣ. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ಇನ್ನೊಂದು ಥರ ಮಾಡಿದ್ರು, ನಡುವೆ ಎಫೆಕ್ಟ್ ಇಲ್ಲದ ಒಣ ದನಿ, ಎರಡು ಪಕ್ಕದ ಸ್ಪೀಕರಲ್ಲಿ ಡಿಲೇ, ರಿವರ್ಬ್ (ಮರುದನಿಯಂಥ ಎಫೆಕ್ಟ್‌ಗಳು) ತುಂಬಿದ ದನಿ, ಇದಕ್ಕೇ ವೆಟ್-ಡ್ರೈ-ವೆಟ್ ಅನ್ನೋದು. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಅಂತೂ ಒಂದೇ ಪೆಟ್ಟಿಗೆಯೊಳಗೆ 60 ವ್ಯಾಟಿನ ಎರಡು ಆಂಪು, ಎರಡು ಸ್ಪೀಕರು, ಕೋರಸ್ ಅನ್ನೋ ಎಫೆಕ್ಟ್ ಹಾಕಿದ್ರೆ ಒಂದು ಕಡೆ ನೇರ ದನಿ ಬರುತ್ತೆ, ಇನ್ನೊಂದು ಕಡೆ ಅಲುಗಾಡೋ ದನಿ, ಎರಡೂ ಬೆರೆಯೋದು ಹೊರಗಿನ ಗಾಳಿಯಲ್ಲಿ. ಇವೆಲ್ಲದರ ಹಿಂದೆ ಇರೋದು ಅದೇ ವೈ, ಒಂದು ಸಿಗ್ನಲ್ಲಿಗೆ ಎರಡು ಕವಲು.

ಈಗ ತಲೆನೋವಿನ ಭಾಗ. ನಾನು ಮೊದಲ ಸಲ ಎರಡು ಆಂಪ್ ಸೇರಿಸಿದಾಗ ಒಂದೊಂದಾಗಿ ನುಡಿಸಿದ್ರೆ ಎರಡೂ ಭರ್ಜರಿ, ಒಟ್ಟಿಗೆ ನುಡಿಸಿದ್ರೆ ದನಿ ತೆಳ್ಳಗೆ, ಕೆಳಗಿನದೆಲ್ಲ ಯಾರೋ ಹೀರ್ಕೊಂಡ ಹಾಗೆ, ಆಂಪೇ ಕೆಟ್ಟಿದೆ ಅಂತ ಎರಡು ದಿನ ಬೇಜಾರಲ್ಲಿದ್ದೆ. ಕೆಟ್ಟಿರ್ಲಿಲ್ಲ, ಅದು ಪೋಲಾರಿಟಿ, ಮಾತಲ್ಲಿ ಎಲ್ಲರೂ ಫೇಸ್ ಅಂತಲೇ ಕರೀತಾರೆ. ಟ್ಯೂಬ್ (ಗಾಜಿನ ವಾಲ್ವ್) ಆಂಪಿನ ಒಳಗೆ ಮಾಮೂಲಿ ಗೇನ್ ಸ್ಟೇಜ್, ಅಂದ್ರೆ ಸಿಗ್ನಲ್ ದೊಡ್ಡದು ಮಾಡೋ ಹಂತ, ಒಂದೊಂದೂ ಸಿಗ್ನಲ್ಲನ್ನ ತಲೆಕೆಳಗು ಮಾಡುತ್ತೆ, ಒಂದು ಆಂಪಲ್ಲಿ ಅಂಥ ಸ್ಟೇಜ್ ಸಮಸಂಖ್ಯೆಯಲ್ಲಿದ್ದು ಇನ್ನೊಂದರಲ್ಲಿ ಬೆಸಸಂಖ್ಯೆಯಲ್ಲಿದ್ರೆ, ಈ ಸ್ಪೀಕರ್ ಮುಂದಕ್ಕೆ ತಳ್ಳೋ ಹೊತ್ತಿಗೆ ಆ ಸ್ಪೀಕರ್ ಹಿಂದಕ್ಕೆ ಎಳೀತಿರುತ್ತೆ, ಎರಡೂ ಒಂದನ್ನೊಂದು ಅಳಿಸಿ ಹಾಕ್ತಾವೆ, ಅದರಲ್ಲೂ ಬ್ಯಾಸ್ ಮೊದಲು ಹೋಗುತ್ತೆ. ಬೇರೆ ಕಂಪನಿ ಆಂಪೇ ಆಗ್ಬೇಕು ಅಂತಿಲ್ಲ, ರಿವರ್ಬ್ ಇರೋ ಹಳೇ ಬ್ಲ್ಯಾಕ್‌ಫೇಸ್ (ಮುಂದಿನ ಫಲಕ ಕಪ್ಪಗಿರೋ) ಫೆಂಡರ್ ಆಂಪಲ್ಲಿ ನಾರ್ಮಲ್ ಚಾನೆಲ್ಲೂ ವೈಬ್ರಾಟೋ ಚಾನೆಲ್ಲೂ ಒಂದಕ್ಕೊಂದು ಉಲ್ಟಾ, ಯಾಕಂದ್ರೆ ವೈಬ್ರಾಟೋ ಚಾನೆಲಲ್ಲಿ ಒಂದು ಸ್ಟೇಜ್ ಜಾಸ್ತಿ ಇದೆ. ಪರಿಹಾರ ಸರಳ, ಡಬ್ಬಿಯಲ್ಲಿ ಫೇಸ್ ಅಂತ ಬರೆದ ಪುಟ್ಟ ಸ್ವಿಚ್ ಇದ್ರೆ ತಳ್ಳಿ, ಕೆಳಗಿನ ತಂತಿ ಮೀಟಿ ಕೇಳಿ, ಯಾವ ಕಡೆ ದನಿ ತುಂಬಿ ಬರುತ್ತೋ ಅದೇ ಸರಿ. ಆ ಸ್ವಿಚ್ ಇಲ್ದಿದ್ರೆ ಒಂದು ಆಂಪಿನ ಸ್ಪೀಕರಿಗೆ ಹೋಗೋ ಪ್ಲಸ್ ಮೈನಸ್ ವೈರ್ ಅದಲುಬದಲು ಮಾಡಿದ್ರೂ ಅದೇ ಕೆಲಸ, ಆದ್ರೆ ಆಂಪ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ ಮಾತ್ರ.

ಇದರ ತಮ್ಮನಂಥ ಇನ್ನೊಂದು ತೊಂದ್ರೆ ದೂರದ್ದು. ಒಂದು ಆಂಪ್ ಕಿವಿಗೆ 34 ಸೆಂಟಿಮೀಟರ್ ದೂರ ಜಾಸ್ತಿ ಇದ್ರೆ ಅದರ ದನಿ ಸುಮಾರು 1 ಮಿಲಿಸೆಕೆಂಡ್ ತಡ, ಆಗ 500 ಹರ್ಟ್ಸ್ ಆಸುಪಾಸಿನ ದನಿ ಅಳಿಸಿಹೋಗುತ್ತೆ. ಒಂದು ಕವಲಲ್ಲಿ ಮಾತ್ರ ಡಿಜಿಟಲ್ ಪೆಡಲ್ ಇದ್ರೂ ಇದೇ ಕಥೆ, ಅದರ ಲೇಟೆನ್ಸಿ, ಅಂದ್ರೆ ಒಳಗೆ ಆಗೋ ತಡ, ಒಂದೆರಡು ಮಿಲಿಸೆಕೆಂಡ್ ಇದ್ರೂ ಸಾಕು. ಆಂಪ್‌ಗಳನ್ನ ಒಂದೇ ಸಾಲಲ್ಲಿ ಇಟ್ಟು ಸ್ವಲ್ಪ ಅತ್ತಿತ್ತ ಸರಿಸಿ ಕೇಳೋದೇ ದಾರಿ.

ಆಮೇಲೆ ಹಮ್, ಎರಡನೇ ಆಂಪ್ ಸಿಕ್ಕಿಸಿದ ಕೂಡ್ಲೇ ಗುಂಯ್ ಅಂತ ಶುರುವಾಗೋದು. ಕಾರಣ ಗ್ರೌಂಡ್ ಲೂಪ್. ಎರಡು ಆಂಪಿಗೂ ಮೂರು ಪಿನ್ನಿನ ಪ್ಲಗ್ ಮೂಲಕ ಅರ್ಥಿಂಗ್ ಇದೆ, ಅದರ ಮೇಲೆ ಗಿಟಾರ್ ಕೇಬಲ್ಲಿನ ಹೊರ ಜಾಲರಿ ಎಬಿವೈ ಡಬ್ಬಿಯಲ್ಲಿ ಮತ್ತೆ ಅವೆರಡನ್ನೂ ಸೇರಿಸುತ್ತೆ, ಹೀಗೆ ಒಂದು ದೊಡ್ಡ ಬಳೆ ಆಯ್ತು. ಸುತ್ತಮುತ್ತ ಇರೋ ಟ್ರಾನ್ಸ್‌ಫಾರ್ಮರು, ವೈರಿಂಗಿನ ಅಯಸ್ಕಾಂತ ಕ್ಷೇತ್ರ ಆ ಬಳೆಯಲ್ಲಿ ಸಣ್ಣ ಕರೆಂಟ್ ಹರಿಸುತ್ತೆ, ಆ ದೇಶದ ಕರೆಂಟು 50 ಹರ್ಟ್ಸೋ 60 ಹರ್ಟ್ಸೋ ಅದೇ ಶ್ರುತಿಯಲ್ಲಿ, ಅದರ ದುಪ್ಪಟ್ಟು ಮುಪ್ಪಟ್ಟುಗಳಲ್ಲಿ ಕೇಳುತ್ತೆ. ಎರಡು ಆಂಪನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ರೆ ಬಳೆ ಚಿಕ್ಕದಾಗಿ ಸದ್ದು ಕಮ್ಮಿ ಆಗೋದುಂಟು, ಪೂರ್ತಿ ಹೋಗ್ಬೇಕು ಅಂದ್ರೆ ಒಂದು ಔಟ್‌ಪುಟ್ಟಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರಲ್ಲಿ ಸಿಗ್ನಲ್ ಕಾಂತ ಬಲದ ಮೂಲಕ ದಾಟುತ್ತೆ, ವೈರು ವೈರಿಗೆ ತಾಗಲ್ಲ, ಬಳೆ ಅಲ್ಲೇ ತುಂಡಾಗುತ್ತೆ. ರೇಡಿಯಲ್ ಕಂಪನಿಯ ಟ್ವಿನ್-ಸಿಟಿ, ಲೇಲೆ ಕಂಪನಿಯ ಪಿ-ಸ್ಪ್ಲಿಟ್ ಇಂಥವು, ಕೊಳ್ಳುವಾಗ ಈ ಟ್ರಾನ್ಸ್‌ಫಾರ್ಮರ್ ಇದೆಯಾ ಅಂತ ನೋಡೋದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ.

ಹಮ್ ಹೋಗ್ಲಿ ಅಂತ ಆಂಪಿನ ಪ್ಲಗ್ಗಲ್ಲಿ ಅರ್ಥ್ ಪಿನ್ ಮುರಿಯೋರು, ಎರಡು ಪಿನ್ನಿನ ಅಡಾಪ್ಟರ್ ಹಾಕೋರು ಇದ್ದಾರೆ. ದಯವಿಟ್ಟು ಮಾಡ್ಬೇಡಿ. ಹಮ್ ನಿಲ್ಲುತ್ತೆ ನಿಜ, ಆದ್ರೆ ಎಷ್ಟೋ ಟ್ಯೂಬ್ ಆಂಪಿನ ಒಳಗೆ 400 ವೋಲ್ಟ್ ದಾಟಿ ಓಡಾಡ್ತಿರುತ್ತೆ, ಒಳಗೆ ಏನಾದ್ರೂ ಕೆಟ್ಟು ಚಾಸಿಗೆ (ಲೋಹದ ಚೌಕಟ್ಟಿಗೆ) ಕರೆಂಟ್ ಬಂತು ಅಂದ್ರೆ ಹೋಗೋಕೆ ಬೇರೆ ದಾರಿ ಇಲ್ದೆ ಕೇಬಲ್, ತಂತಿ, ನಿಮ್ಮ ಕೈ, ತುಟಿಗೆ ತಾಗಿದ ಮೈಕ್ ಹೀಗೇ ಹರಿಯುತ್ತೆ. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೇಜ್ ಮೇಲೆ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ಪ್ರಾಣ ಕಳ್ಕೊಂಡ್ರು. ಎಬಿವೈ ಡಬ್ಬಿಯ ಮೇಲಿರೋ ಗ್ರೌಂಡ್ ಲಿಫ್ಟ್ ಸ್ವಿಚ್ ಬೇರೆ ವಿಷಯ, ಅದು ಆಡಿಯೋ ಕೇಬಲ್ಲಿನ ಜಾಲರಿಯನ್ನ ಮಾತ್ರ ಬಿಡಿಸುತ್ತೆ, ಎರಡು ಆಂಪಿನ ಅರ್ಥಿಂಗೂ ಹಾಗೇ ಇರುತ್ತೆ.

ಪ್ಯಾಸಿವ್, ಆಕ್ಟಿವ್ ಅಂತ ಎರಡು ಥರ ಇದಾವೆ. ಪ್ಯಾಸಿವ್ ಅಂದ್ರೆ ಒಳಗೆ ಸ್ವಿಚ್ ಮತ್ತು ವೈರ್ ಅಷ್ಟೇ, 9 ವೋಲ್ಟ್ ಬ್ಯಾಟರಿ ಕೇಳಿದ್ರೂ ಅದು ಎಲ್‌ಇಡಿ ಬೆಳಗೋಕೆ ಮಾತ್ರ, ಬ್ಯಾಟರಿ ಖಾಲಿ ಆದ್ರೂ ದನಿ ನಿಲ್ಲಲ್ಲ. ಆದ್ರೆ ವೈ ಒತ್ತಿದಾಗ ಗಿಟಾರಿನ ಪಿಕಪ್ (ತಂತಿಯ ಅಲುಗಾಟವನ್ನ ಸಿಗ್ನಲ್ ಮಾಡೋ ಭಾಗ) ಎರಡು ಆಂಪನ್ನೂ ತಾನೇ ಹೊರಬೇಕು, ಆಂಪಿನ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾಓಮ್, ಎರಡು ಸೇರಿದ್ರೆ ಅರ್ಧ ಮೆಗಾಓಮ್ ಆಯ್ತು, ಮೇಲಿಂದ ಕೇಬಲ್ ಬೇರೆ, ಅದರ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 100 ಪೈಕೋಫ್ಯಾರಡ್ ಅಂತ ಲೆಕ್ಕ ಹಾಕಿದ್ರೆ 6 ಮೀಟರಿನ ಎರಡು ಕೇಬಲ್ಲಿಗೆ 1200 ಪೈಕೋಫ್ಯಾರಡ್. ಇದರಿಂದ ದನಿಯ ಮಿನುಗು ಹೋಗಿ ಮಂಕಾಗುತ್ತೆ, ಒಂದು ಆಂಪ್ ಇದ್ದಾಗ ಇದ್ದ ಟೋನು ವೈ ಒತ್ತಿದ ಕೂಡ್ಲೇ ಬದಲಾಗುತ್ತೆ. ಆಕ್ಟಿವ್ ಡಬ್ಬಿಯಲ್ಲಿ ಬಫರ್, ಅಂದ್ರೆ ಸಿಗ್ನಲ್ಲಿಗೆ ಬಲ ಕೊಡೋ ಪುಟ್ಟ ಸರ್ಕ್ಯೂಟ್, ಇರುತ್ತೆ, ಪಿಕಪ್ಪಿಗೆ ಕಾಣೋದು ಆ ಬಫರ್ ಮಾತ್ರ, ಮುಂದೆ ಎಷ್ಟು ಆಂಪ್ ಇದ್ರೂ ಅದರ ಭಾರ ಪಿಕಪ್ ಮೇಲೆ ಬೀಳಲ್ಲ. ನಿಮ್ಮ ಪೆಡಲ್ ಸಾಲಲ್ಲಿ ಮುಂಚೆನೇ ಬಫರ್ ಇರೋ ಪೆಡಲ್ ಒಂದಿದ್ರೆ ಪ್ಯಾಸಿವ್ ಡಬ್ಬಿನೇ ಸಾಕು. ಫಜ್ ಫೇಸ್ ಥರದ ಹಳೇ ಫಜ್ ಪೆಡಲ್ ಇದ್ರೆ ಅದನ್ನ ಬಫರಿಗಿಂತ ಮುಂಚೆ ಇಡಿ, ಅದಕ್ಕೆ ನೇರವಾಗಿ ಗಿಟಾರೇ ಬೇಕು.

ಇನ್ನೊಂದು ಸಣ್ಣದು, ಸರಿಯಾಗಿ ಕಟ್ಟಿದ ಡಬ್ಬಿ ಆಯ್ಕೆ ಆಗದ ಆಂಪಿನ ಇನ್‌ಪುಟ್ಟನ್ನ ಗ್ರೌಂಡಿಗೆ ಸೇರಿಸುತ್ತೆ, ಹಾಗೆ ಮಾಡದೆ ಖಾಲಿ ಬಿಟ್ರೆ ಆ ಕೇಬಲ್ ಆಂಟೆನಾ ಥರ ಆಗಿ ಸುಮ್ನಿರಬೇಕಾದ ಆಂಪ್ ಗೊಣಗ್ತಾ ಇರುತ್ತೆ.

ತುಂಬ ಜನ ತಪ್ಪು ತಿಳ್ಕೊಳ್ಳೋ ಒಂದು ಮಾತು ಹೇಳ್ಲೇಬೇಕು. ಎಬಿವೈ ಕೆಲಸ ಆಂಪಿನ ಇನ್‌ಪುಟ್ ಕಡೆ ಮಾತ್ರ, ಸ್ಪೀಕರ್ ಕಡೆ ಅಲ್ಲ. ಎರಡು ಹೆಡ್ (ಸ್ಪೀಕರ್ ಇಲ್ಲದ ಆಂಪ್) ಇದೆ, ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಒಂದೇ ಇದೆ ಅಂತ ಎರಡು ಹೆಡ್ಡಿನ ಸ್ಪೀಕರ್ ಔಟ್‌ಪುಟ್ಟನ್ನ ವೈ ಕೇಬಲ್ ಹಾಕಿ ಒಂದೇ ಕ್ಯಾಬಿನೆಟ್ಟಿಗೆ ಸೇರಿಸಿದ್ರೆ ಒಂದು ಆಂಪ್ ಇನ್ನೊಂದರ ಔಟ್‌ಪುಟ್ಟಿಗೆ ಪವರ್ ತಳ್ಳುತ್ತೆ, ಎರಡೂ ಸುಟ್ಟುಹೋಗ್ಬಹುದು. ಎಬಿ ಬಾಕ್ಸನ್ನ ಸ್ಪೀಕರ್ ಕಡೆ ಇಟ್ಟು ಆಯ್ಕೆ ಮಾಡ್ತೀನಿ ಅನ್ನೋದೂ ಬೇಡ, ಸ್ಪೀಕರ್ ಇಲ್ದೆ ಓಡೋ ಟ್ಯೂಬ್ ಆಂಪಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗೋ ಸಂಭವ ಜಾಸ್ತಿ. ಅದಕ್ಕೆ ಹೆಡ್ ಸ್ವಿಚರ್ ಅಂತ ಬೇರೆಯೇ ಸಾಮಾನಿದೆ, ಬಿಟ್ಟ ಹೆಡ್ಡಿಗೆ ಅದು ಸ್ಪೀಕರ್ ಬದಲು ಡಮ್ಮಿ ಲೋಡ್ ಕೊಡುತ್ತೆ. ಎಬಿವೈಯಲ್ಲಿ ಈ ಭಯ ಇಲ್ಲ, ಆಯ್ಕೆ ಆಗದ ಆಂಪಿಗೂ ಅದರ ಸ್ಪೀಕರ್ ಹಾಕೇ ಇರುತ್ತಲ್ಲ.

ಆಂಪ್ ಜೊತೆ ಬರೋ ಫುಟ್‌ಸ್ವಿಚ್ಚೂ ಇದೂ ಒಂದೇ ಅಲ್ಲ. ಅದು ಒಂದೇ ಆಂಪಿನ ಒಳಗಿನ ಚಾನೆಲ್ಲನ್ನೋ ರಿವರ್ಬನ್ನೋ ಬದಲಿಸುತ್ತೆ, ಅದರ ಕೇಬಲಲ್ಲಿ ಸಾಮಾನ್ಯವಾಗಿ ಗಿಟಾರ್ ಸಿಗ್ನಲ್ ಹರಿಯಲ್ಲ. ಮೂರು ನಾಲ್ಕು ಆಂಪ್, ಪ್ರತಿಯೊಂದರ ಚಾನೆಲ್ಲು, ಪೆಡಲ್ಲು ಎಲ್ಲ ಒಂದೇ ಒತ್ತಿಗೆ ಬದಲಾಗ್ಬೇಕು ಅನ್ನೋರು ಮಿಡಿ (ಸಂಗೀತ ಸಾಧನಗಳು ಒಂದಕ್ಕೊಂದು ಸಂದೇಶ ಕಳಿಸೋ ಡಿಜಿಟಲ್ ಭಾಷೆ) ಸ್ವಿಚರ್ ಕಡೆ ಹೋಗ್ತಾರೆ, ಒಂದು ಸ್ವಿಚ್ ಒತ್ತಿದ್ರೆ ಪ್ರೋಗ್ರಾಮ್ ಚೇಂಜ್ ಸಂದೇಶ ಹೋಗಿ ಒಳಗಿನ ರಿಲೇ ಸ್ವಿಚ್‌ಗಳೆಲ್ಲ ತಂತಾವೇ ತಿರುಗ್ತಾವೆ. ಎರಡು ಆಂಪಿಗೆ ಅಷ್ಟೆಲ್ಲ ಬೇಡ.

ಪ್ಯಾಸಿವ್ ಎಬಿವೈ ಬಾಕ್ಸನ್ನ ತಿರುಗಿಸಿಯೂ ಬಳಸ್ಬಹುದು, ಎರಡು ಗಿಟಾರ್ ಒಳಗೆ, ಒಂದು ಆಂಪ್ ಹೊರಗೆ, ಹಾಡಿನ ನಡುವೆ ಗಿಟಾರ್ ಬದಲಿಸೋರಿಗೆ ಅನುಕೂಲ. ಆಗ ವೈ ಮಾತ್ರ ಒತ್ಬೇಡಿ, ಎರಡು ಗಿಟಾರ್ ಒಟ್ಟಿಗೆ ಸೇರಿದ್ರೆ ಒಂದರ ವಾಲ್ಯೂಮ್ ನಾಬ್ ಸೊನ್ನೆಗೆ ಇಳಿಸಿದಾಗ ಇನ್ನೊಂದರ ದನಿಯೂ ಸಾಮಾನ್ಯವಾಗಿ ಅದರ ಜೊತೆಗೇ ಹೋಗುತ್ತೆ. ಆಕ್ಟಿವ್ ಡಬ್ಬಿ ಈ ಥರ ಉಲ್ಟಾ ಓಡಲ್ಲ, ಬಫರ್ ಒಂದೇ ದಿಕ್ಕಿಗೆ ಸಿಗ್ನಲ್ ಬಿಡೋದು.