ಕಂಪನಿ ಕೈ ಬದಲಾಯಿತು, ಕಾರಿನ ಮೇಲಿನ ಹೆಸರಿನ ಗತಿ ಏನು?

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಂದು ತಗಡಿನ ಶೆಡ್. ಒಳಗೆ ರ‍್ಯಾಲಿ ಕಾರು ನಿಂತಿತ್ತು. ಹುಡುಗನೊಬ್ಬ ಹೇರ್ ಡ್ರೈಯರ್ ಹಿಡಿದು ಬಾಗಿಲಿನ ಸ್ಟಿಕ್ಕರ್‌ಗೆ ಬಿಸಿಗಾಳಿ ಬಿಡುತ್ತಿದ್ದ. ಮೂಲೆ ಸ್ವಲ್ಪ ಎದ್ದ ಕೂಡಲೇ ಉಗುರಿನಲ್ಲಿ ಹಿಡಿದು ನಿಧಾನಕ್ಕೆ ಎಳೆದ. ಅವಸರ ಮಾಡಿದರೆ ಅಂಟೆಲ್ಲ ಬಾಡಿಯ ಮೇಲೇ ಉಳಿಯುತ್ತದೆ. ಸ್ಟಿಕ್ಕರ್ ಪೂರ್ತಿ ಬಂತು, ಆದರೆ ಹೆಸರು ಹೋಗಲಿಲ್ಲ. ಎರಡು ಸೀಸನ್ ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿತ್ತು. ಅಕ್ಷರದ ಅಡಿಯ ಬಣ್ಣ ಮಾತ್ರ ಶೋರೂಮಿನಿಂದ ತಂದ ದಿನದ ಹಾಗೇ ಇತ್ತು. ಕಂಪನಿಯ ಹೆಸರನ್ನು ದೂರದಿಂದಲೇ ಓದಬಹುದಿತ್ತು.

"ಸಾರ್, ದುಡ್ಡು ಬರಲ್ಲ ಅಂದ್ಮೇಲೆ ಇವರ ಹೆಸರು ಇಟ್ಕೊಂಡು ಓಡಿಸ್ಬೇಕಾ?" ಎಂದು ಆ ಹುಡುಗ ಕೇಳಿದ. ಅವನು ಮೆಕ್ಯಾನಿಕ್. ಆ ಪ್ರಶ್ನೆಗೆ ಉತ್ತರ ಹೇಳುವುದಕ್ಕೇ ನನ್ನನ್ನು ಕರೆಸಿದ್ದರು.

ನಾನು ವಕೀಲ. ಕಂಪನಿ ಕಾನೂನು, ಒಪ್ಪಂದ ಪತ್ರಗಳೇ ದಿನನಿತ್ಯದ ಕೆಲಸ. ತೀರ್ಥಹಳ್ಳಿ, ಕೊಪ್ಪ, ಬಾಳೆಹೊನ್ನೂರು ಕಡೆಯ ಕೆಲವು ರ‍್ಯಾಲಿ ಹುಡುಗರ ಪತ್ರಗಳನ್ನೂ ನೋಡುತ್ತೇನೆ. ಈ ಕಾರಿನ ಡ್ರೈವರ್ ತೀರ್ಥಹಳ್ಳಿಯ ಅಡಿಕೆ ಬೆಳೆಗಾರರ ಮಗ. ಮೊದಲ ವರ್ಷ ಮನೆಯ ಅಡಿಕೆ ದುಡ್ಡಲ್ಲೇ ಓಡಿಸಿದ. ಆಮೇಲೆ ಬೆಂಗಳೂರಿನ ಒಂದು ಕಂಪನಿ ಪ್ರಾಯೋಜಕರಾಗಿ ಬಂತು. ವರ್ಷದ ಹಣ ಮೂರು ಕಂತಿನಲ್ಲಿ. ಮೂರನೇ ಸೀಸನ್‌ನ ಮೊದಲ ಕಂತು ಬಂದ ಮೇಲೆ, ಆ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತು. ಎರಡನೇ ಕಂತು ಬರಲಿಲ್ಲ. ಮೇಲ್ ಕಳಿಸಿದರೆ ಆ ವಿಳಾಸವೇ ಇಲ್ಲ ಎಂದು ವಾಪಸ್ ಬಂತು. ಮ್ಯಾನೇಜರ್ ಕೆಲಸ ಬಿಟ್ಟಿದ್ದರು.

ಇಂಥ ಹೊತ್ತಿನಲ್ಲಿ ನಮ್ಮ ಜನ ಎರಡು ತಪ್ಪು ಮಾಡುತ್ತಾರೆ. ಕಂಪನಿ ಮಾರಾಟವಾಯಿತು, ಒಪ್ಪಂದವೂ ಸತ್ತುಹೋಯಿತು ಅಂತ ಕೆಲವರು ಕೈಚೆಲ್ಲಿ ಕೂರುತ್ತಾರೆ. ಇನ್ನು ಕೆಲವರು ಸಿಟ್ಟಿನಲ್ಲಿ ಸ್ಟಿಕ್ಕರ್ ಕಿತ್ತು ಹಾಕುತ್ತಾರೆ. ಎರಡನೆಯದು ಜಾಸ್ತಿ ಅಪಾಯ. ಹೆಸರು ತೋರಿಸುವುದು ನಿಮ್ಮ ಕರಾರು. ನೀವೇ ತೆಗೆದರೆ ಮೊದಲು ಕರಾರು ಮುರಿದವರು ನೀವೇ ಅಂತ ಅವರು ಹೇಳಬಹುದು. ನಾನು ಹೋಗುವಷ್ಟರಲ್ಲಿ ಎಡಬಾಗಿಲು ಖಾಲಿಯಾಗಿತ್ತು. ಬಲಬಾಗಿಲಿಗೆ ಕೈ ಹಚ್ಚುವುದನ್ನು ನಿಲ್ಲಿಸಿದೆ.

ಮೊದಲು ನೋಡಬೇಕಾದ್ದು ಕೊಂಡವರು ಏನನ್ನು ಕೊಂಡರು ಎಂಬುದನ್ನು. ಷೇರು ಕೊಂಡಿದ್ದರೆ ಕಂಪನಿ ಅದೇ ಕಂಪನಿ. ಒಡೆಯ ಮಾತ್ರ ಬೇರೆ. ಅದರ ಸಾಲ, ಸಹಿ, ಮಾತು ಎಲ್ಲ ಹಾಗೇ ಉಳಿಯುತ್ತವೆ, ನಿಮ್ಮ ಒಪ್ಪಂದವೂ ಉಳಿಯುತ್ತದೆ. ಎರಡು ಕಂಪನಿ ವಿಲೀನವಾದರೆ, ಕಂಪನಿ ಕಾನೂನು ನ್ಯಾಯಮಂಡಳಿಯ ಆದೇಶದಲ್ಲಿ ಸಾಮಾನ್ಯವಾಗಿ ಎಲ್ಲ ಒಪ್ಪಂದಗಳೂ ಹೊಸ ಕಂಪನಿಗೆ ಹೋಗುತ್ತವೆ. ಆದರೆ ವ್ಯವಹಾರವನ್ನೋ ಆಸ್ತಿಯನ್ನೋ ಮಾತ್ರ ಬಿಡಿಸಿ ಕೊಂಡಿದ್ದರೆ ಕಥೆ ಬೇರೆ. ಆಗ ಕೊಂಡವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ನಿಮ್ಮ ಕಾಗದ ಹಳೆ ಕಂಪನಿಯ ಹತ್ತಿರವೇ ಬಿದ್ದಿರುತ್ತದೆ, ಆ ಕಂಪನಿಯ ಹತ್ತಿರ ದುಡ್ಡಿರುವುದಿಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿಯಲು ಫೋರ್ಸ್ ಇಂಡಿಯಾ ನೆನಪು ಮಾಡಿಕೊಳ್ಳಿ. ವಿಜಯ್ ಮಲ್ಯ ಒಡೆತನದಲ್ಲಿದ್ದ ಆ ಫಾರ್ಮುಲಾ ಒನ್ ತಂಡ 2018ರ ಜುಲೈನಲ್ಲಿ ದಿವಾಳಿ ಆಡಳಿತಕ್ಕೆ ಹೋಯಿತು. ಅರ್ಜಿ ಹಾಕಿದವರಲ್ಲಿ ಅದರ ಡ್ರೈವರ್ ಸೆರ್ಜಿಯೋ ಪೆರೆಜ್ ಒಬ್ಬರು. ಅವರಿಗೇ ಸಂಬಳ ಬಾಕಿ ಇತ್ತು. ಲಾರೆನ್ಸ್ ಸ್ಟ್ರೋಲ್ ಗುಂಪು ತಂಡವನ್ನು ಕೊಂಡಿತು, 405 ಜನರ ಕೆಲಸ ಉಳಿಯಿತು. ಆದರೆ ಅವರು ಕೊಂಡದ್ದು ತಂಡದ ಆಸ್ತಿಯನ್ನು, ಷೇರನ್ನಲ್ಲ. ಹಾಗಾಗಿ ಅದು ಕಾನೂನಿನ ಲೆಕ್ಕದಲ್ಲಿ ಹೊಸ ತಂಡ. ಅದುವರೆಗೆ ಗಳಿಸಿದ್ದ 59 ಅಂಕವೂ ಹೋಯಿತು. ಅದೇ ಕಾರು, ಅದೇ ಡ್ರೈವರ್, ಅದೇ ಮೆಕ್ಯಾನಿಕ್‌ಗಳು ಬೆಲ್ಜಿಯಂ ರೇಸ್‌ನಲ್ಲಿ ಸೊನ್ನೆಯಿಂದ ಶುರು ಮಾಡಿದರು. ಷೇರು, ಆಸ್ತಿ ಎಂಬ ಎರಡು ಪದದ ನಡುವೆ 59 ಅಂಕ ಬಿದ್ದುಹೋಯಿತು.

ಒಪ್ಪಂದ ಕಾಗದದ ಮೇಲೆ ಉಳಿದರೂ ಹೆಸರು ಹಾಕಲು ಆಗದೇ ಇರಬಹುದು. ಅಮೆರಿಕದ ಕಾರ್ ರೇಸ್ ಸರಣಿ ನ್ಯಾಸ್ಕಾರ್‌ನಲ್ಲಿ ಹೀಗೇ ಆಯಿತು. 2004ರಿಂದ ನೆಕ್ಸ್‌ಟೆಲ್ ಎಂಬ ಮೊಬೈಲ್ ಕಂಪನಿ ಇಡೀ ಸರಣಿಯ ಪ್ರಾಯೋಜಕ. ಬೇರೆ ಮೊಬೈಲ್ ಕಂಪನಿಗಳಿಗೆ ಜಾಗವಿಲ್ಲ, ಮೊದಲೇ ಇದ್ದವರು ಮಾತ್ರ ಮುಂದುವರಿಯಬಹುದು ಎಂದು ಕರಾರಾಗಿತ್ತು. ಜೆಫ್ ಬರ್ಟನ್ ಓಡಿಸುತ್ತಿದ್ದ 31ನೇ ನಂಬರ್ ಕಾರಿನ ಮೇಲೆ ಮೊದಲೇ ಇದ್ದ ಮೊಬೈಲ್ ಕಂಪನಿ ಸಿಂಗ್ಯುಲರ್ ಹೆಸರಿತ್ತು. ಸಿಂಗ್ಯುಲರ್ ಎಟಿ ಅಂಡ್ ಟಿ ಆಯಿತು. ಹೊಸ ಹೆಸರು ಬರೆಯಲು ಹೋದರೆ ನ್ಯಾಸ್ಕಾರ್ ಒಪ್ಪಲಿಲ್ಲ. 2007ರಲ್ಲಿ ಕೋರ್ಟು ಹತ್ತಿದರು. ನಡುವೆ ಒಂದು ರೇಸ್‌ಗೆ ಆ ಕಾರು ಪ್ರಾಯೋಜಕರ ಹೆಸರೇ ಇಲ್ಲದೆ ಬಂತು. ಕೊನೆಗೆ 2008ರ ತನಕ ಮಾತ್ರ ಇರಬಹುದು ಎಂದು ರಾಜಿ ಆಯಿತು. ಇತ್ತ ನೆಕ್ಸ್‌ಟೆಲ್ ತಾನೇ ಸ್ಪ್ರಿಂಟ್ ಜೊತೆ ಸೇರಿ, 2008ರಲ್ಲಿ ಸರಣಿಯ ಹೆಸರೂ ಬದಲಾಯಿತು. ನಮ್ಮಲ್ಲೂ ಇದು ಆಗಬಹುದು. ನಿಮ್ಮ ಪ್ರಾಯೋಜಕರನ್ನು ಒಂದು ಎಣ್ಣೆ ಕಂಪನಿ ಕೊಂಡಿತು ಅಂತಿಟ್ಟುಕೊಳ್ಳಿ. ರ‍್ಯಾಲಿಗೆ ಬೇರೆ ಎಣ್ಣೆ ಕಂಪನಿಯ ಪ್ರಾಯೋಜಕತ್ವ ಇದ್ದರೆ ನಿಮ್ಮ ಕಾರಿನ ಬಾಗಿಲು ಖಾಲಿ.

ಇಷ್ಟೆಲ್ಲ ಕಾನೂನು. ನನ್ನ ಅನುಭವದಲ್ಲಿ ಮಾತ್ರ ಒಪ್ಪಂದಗಳು ಹಾಳಾಗುವುದು ಕಾನೂನಿನ ಕಾರಣಕ್ಕಲ್ಲ. ನಿಮ್ಮನ್ನು ಮೆಚ್ಚಿ ಹಣ ಕೊಡಿಸಿದ ಒಬ್ಬ ಮನುಷ್ಯ ಆ ಕಂಪನಿಯಿಂದ ಹೊರಟುಹೋಗುವುದಕ್ಕೆ.

ಚಿಕ್ಕಮಗಳೂರಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರ‍್ಯಾಲಿ ಡ್ರೈವರ್ ಗೌರವ್ ಗಿಲ್ ಅವರ ಸ್ಕೋಡಾ ನಮ್ಮ ತೋಟದ ಮಣ್ಣುರಸ್ತೆಯಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್‌ಗೆ ಓಡಿದಾಗ, ಆ ರ‍್ಯಾಲಿಗೆ ಇದ್ದದ್ದು ಕಾಫಿ ಡೇ ಹೆಸರು. ಊರಿನ ಕಾಫಿ ಮನೆತನದವರ ಕಂಪನಿ. ಅದರ ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರ ಬಳಗದ ಹತ್ತಿರ ಬೆಂಗಳೂರಿನ ಐಟಿ ಕಂಪನಿ ಮೈಂಡ್‌ಟ್ರೀಯ ಸುಮಾರು 20 ಶೇಕಡಾ ಷೇರಿತ್ತು. 2019ರ ಮಾರ್ಚ್‌ನಲ್ಲಿ ಅದನ್ನು ಎಲ್ ಅಂಡ್ ಟಿಗೆ ಮಾರಲು ಒಪ್ಪಂದವಾಯಿತು, ಬೆಲೆ ಸುಮಾರು 3,269 ಕೋಟಿ ರೂಪಾಯಿ. ಮೈಂಡ್‌ಟ್ರೀ ಸ್ಥಾಪಕರು ಈ ಕೊಳ್ಳುವಿಕೆಯನ್ನು ಬಹಿರಂಗವಾಗಿ ವಿರೋಧಿಸಿದರು. ಕಂಪನಿ ಎಲ್ಲೂ ಹೋಗಲಿಲ್ಲ, ಹೆಸರೂ ಆಗ ಬದಲಾಗಲಿಲ್ಲ. ಆದರೆ ಜುಲೈ ಹೊತ್ತಿಗೆ ಕೃಷ್ಣಕುಮಾರ್ ನಟರಾಜನ್ ಸೇರಿ ಮೂವರು ಹಿರಿಯರು ರಾಜೀನಾಮೆ ಕೊಟ್ಟಿದ್ದರು. ಮೂರು ವರ್ಷದ ನಂತರ, 2022ರ ನವೆಂಬರ್‌ನಲ್ಲಿ, ಅದು ಎಲ್ ಅಂಡ್ ಟಿಯದೇ ಐಟಿ ಕಂಪನಿ ಎಲ್‌ಟಿಐ ಜೊತೆ ವಿಲೀನವಾಯಿತು. ಮೈಂಡ್‌ಟ್ರೀ ರ‍್ಯಾಲಿಗೆ ಸಂಬಂಧಪಟ್ಟ ಕಂಪನಿಯಲ್ಲ. ನಾನು ಉದಾಹರಣೆ ಕೊಟ್ಟದ್ದು ಕೆಲಸ ನಡೆಯುವ ಕ್ರಮ ತಿಳಿಯಲಿ ಅಂತ. ಮೊದಲು ಷೇರು ಹೋಗುತ್ತದೆ, ಆಮೇಲೆ ಮನುಷ್ಯರು ಹೋಗುತ್ತಾರೆ, ಹೆಸರು ಬದಲಾಗುವುದು ಕೊನೆಗೆ. ಪ್ರಾಯೋಜಕತ್ವದ ಹಣ ನಿಲ್ಲುವುದು ಎರಡನೇ ಹಂತದಲ್ಲೇ.

ಹೊಸ ಒಡೆಯರು ಬಂದ ಕೂಡಲೇ ಖರ್ಚಿನ ಪಟ್ಟಿ ಹಿಡಿದು ಕೂರುತ್ತಾರೆ. ಜಾಹೀರಾತು ಎಂಬ ಸಾಲಿನಲ್ಲಿ ರ‍್ಯಾಲಿ ಅಂತ ಒಂದು ಮೊತ್ತ. ಅದನ್ನು ಯಾಕೆ ಕೊಡುತ್ತಿದ್ದೀವಿ ಅಂತ ಹೇಳುವವರು ಯಾರೂ ಇರುವುದಿಲ್ಲ. ಧೂಳು ಹೊದ್ದುಕೊಂಡ ಸ್ಟೇಜ್, ಅಂದರೆ ಕಾರು ಓಡುವ ರಸ್ತೆಯ ಪಕ್ಕ ನಿಂತು ನೋಡಿದ್ದ ಮ್ಯಾನೇಜರ್ ಆಗಲೇ ಬೇರೆ ಕಡೆ ಕೆಲಸಕ್ಕೆ ಸೇರಿರುತ್ತಾರೆ. ಅದಕ್ಕೇ ನಾನು ಹುಡುಗರಿಗೆ ಹೇಳುವುದು: ಪ್ರತಿ ರ‍್ಯಾಲಿ ಮುಗಿದ ವಾರದಲ್ಲೇ ಫೋಟೋ, ಪತ್ರಿಕೆಯಲ್ಲಿ ಬಂದ ಸುದ್ದಿ, ಎಷ್ಟು ಜನ ವಿಡಿಯೊ ನೋಡಿದರು ಎಂಬ ಲೆಕ್ಕ ಎಲ್ಲ ಸೇರಿಸಿ ಕಂಪನಿಯ ಇಬ್ಬರು ಮೂವರಿಗೆ ಕಳಿಸಿ. ಒಬ್ಬರಿಗೇ ಕಳಿಸಬೇಡಿ. ಅಕೌಂಟ್ಸ್ ವಿಭಾಗದವರಿಗೂ ಹೋಗಲಿ. ಒಡೆಯರು ಬದಲಾದರೂ ಅಕೌಂಟ್ಸ್‌ನಲ್ಲಿ ಒಬ್ಬರಾದರೂ ಹಳಬರು ಉಳಿದಿರುತ್ತಾರೆ.

ಈಗ ಕೆಲಸದ ವಿಷಯ. ನನಗೆ ಹೆಚ್ಚು ಸಂಕಟವಾಗುವುದು ಇಲ್ಲೇ.

ನಮ್ಮ ಕಾರ್ಮಿಕ ಕಾನೂನಿನಲ್ಲಿ ಸಂಸ್ಥೆಯ ಒಡೆತನ ಕೈ ಬದಲಾದಾಗ ಕಾರ್ಮಿಕರಿಗೆ ರಕ್ಷಣೆ ಇದೆ. ಹೊಸ ಒಡೆಯರು ಅದೇ ಷರತ್ತಿನಲ್ಲಿ, ಸೇವೆ ಮುರಿಯದೆ ಮುಂದುವರಿಸಬೇಕು. ಇಲ್ಲದಿದ್ದರೆ ನೋಟಿಸ್, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ. ಆದರೆ ಅದಕ್ಕೆ ಒಂದು ವರ್ಷದ ಸತತ ಸೇವೆ ಬೇಕು, ಅಂದರೆ 12 ತಿಂಗಳಲ್ಲಿ 240 ದಿನದ ಕೆಲಸ. ನಮ್ಮ ಶೆಡ್ಡಿನ ಹುಡುಗ ಒಂದು ರ‍್ಯಾಲಿಗೆ ಎಂಟು ದಿನ ಹೋಗುತ್ತಾನೆ. ರೆಕ್ಕಿ (ಮೊದಲೇ ರಸ್ತೆ ನೋಡಿ ಬರುವುದು), ಸರ್ವಿಸ್ ಪಾರ್ಕ್ (ನಡುವೆ ಕಾರು ರಿಪೇರಿ ಮಾಡುವ ಜಾಗ), ವಾಪಸ್ ಬಂದು ಗೇರ್‌ಬಾಕ್ಸ್ ಬಿಚ್ಚುವುದು ಎಲ್ಲ ಸೇರಿ. ವರ್ಷಕ್ಕೆ ಐದು ಆರು ರ‍್ಯಾಲಿ. 240 ಎಲ್ಲಿ, 48 ಎಲ್ಲಿ? ಅವನ ಹೆಸರು ಯಾವ ರಿಜಿಸ್ಟರ್‌ನಲ್ಲೂ ಇಲ್ಲ. ದಿನಗೂಲಿ, ಊಟ, ಬಸ್ ಚಾರ್ಜ್. ಸರ್ವಿಸ್ ಪಾರ್ಕಿನಲ್ಲಿ ಗಡಿಯಾರ ಓಡುತ್ತಿರುವಾಗ ಕೆಂಪಗೆ ಕಾದ ಡಿಸ್ಕಿನ ಪಕ್ಕ ಕೈ ಹಾಕಿ ಬ್ರೇಕ್ ಪ್ಯಾಡ್ ಬದಲಿಸುವವನು ಅವನು. ಕಂಪನಿ ಮಾರಾಟವಾದಾಗ ಅವನಿಗೆ ನೋಟಿಸ್ ಬರುವುದಿಲ್ಲ. "ಈ ಸಲ ಬರೋದು ಬೇಡ" ಅಂತ ಫೋನ್ ಬರುತ್ತದೆ, ಅಷ್ಟೇ.

ಭದ್ರಾವತಿಯ ಜನಕ್ಕೆ ಇದು ಗೊತ್ತಿರುವ ನೋವು. ಅಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್ ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಬಂದಾಗ ಬೀದಿಗಿಳಿದು ದಿನಗಟ್ಟಲೆ ಕೂತವರು ಗುತ್ತಿಗೆ ಕಾರ್ಮಿಕರು. ಕಾಯಂ ನೌಕರರಿಗೆ ಬೇರೆ ಘಟಕ ಅಂತ ಒಂದು ದಾರಿಯಾದರೂ ಇತ್ತು. ಗುತ್ತಿಗೆಯವರಿಗೆ ಆ ದಾರಿಯೂ ಇರಲಿಲ್ಲ.

ದೊಡ್ಡ ತಂಡಗಳಲ್ಲೂ ಪೆಟ್ಟು ಮೊದಲು ಕೆಳಗಿನವರಿಗೇ. 2008ರ ಡಿಸೆಂಬರ್‌ನಲ್ಲಿ ಹೋಂಡಾ ಫಾರ್ಮುಲಾ ಒನ್ ಬಿಟ್ಟಿತು. ತಂಡದ ಮುಖ್ಯಸ್ಥ ರಾಸ್ ಬ್ರಾನ್ ಅದನ್ನು ವಹಿಸಿಕೊಂಡರು. 2009ರಲ್ಲಿ ಆ ಕಾರು ಬಂದಾಗ ಮೈಮೇಲೆ ಹೆಸರುಗಳೇ ಕಡಿಮೆ, ಬಹುಪಾಲು ಬರೀ ಬಿಳಿ. ಆ ವರ್ಷ ಡ್ರೈವರ್, ತಂಡ ಎರಡೂ ಚಾಂಪಿಯನ್‌ಶಿಪ್ ಗೆದ್ದರು, ವರ್ಷದ ಕೊನೆಗೆ ಮರ್ಸಿಡಿಸ್ ಬಂದು ಕೊಂಡಿತು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಆ ಗೆಲುವಿನ ಕಾರನ್ನು ಕಟ್ಟಿದವರಲ್ಲಿ ನೂರಾರು ಜನ ಆ ವರ್ಷವೇ ಕೆಲಸ ಕಳೆದುಕೊಂಡರು.

ಎಲ್ಲ ಮಾರಾಟವೂ ಕೆಟ್ಟದ್ದಲ್ಲ. ಟಾಟಾ 2008ರಲ್ಲಿ ಜಾಗ್ವಾರ್ ಕೊಂಡಿತು. ಫೋರ್ಡ್ ಕಾಲದಲ್ಲಿ ಫಾರ್ಮುಲಾ ಒನ್ ಬಿಟ್ಟಿದ್ದ ಆ ಹೆಸರು 2016ರಲ್ಲಿ ಎಲೆಕ್ಟ್ರಿಕ್ ಕಾರುಗಳ ರೇಸ್ ಫಾರ್ಮುಲಾ ಇಗೆ ಬಂತು, 2024ರಲ್ಲಿ ತಂಡಗಳ ಪ್ರಶಸ್ತಿಯನ್ನೂ ಗೆದ್ದಿತು. ಹೀರೋ ಮತ್ತು ಹೋಂಡಾ 2010ರ ಕೊನೆಯಲ್ಲಿ ಬೇರೆಯಾಗುವ ತೀರ್ಮಾನ ಮಾಡಿದ್ದಕ್ಕೇ ಹೀರೋ ತನ್ನ ಎಂಜಿನ್ ತಾನೇ ಮಾಡಬೇಕಾಯಿತು. 2016ರಲ್ಲಿ ರ‍್ಯಾಲಿ ತಂಡ ಕಟ್ಟಿತು, ಬೆಂಗಳೂರಿನ ಸಿ.ಎಸ್. ಸಂತೋಷ್ ಅದರಲ್ಲಿ ಮರುಭೂಮಿಯ ಡಕಾರ್ ರ‍್ಯಾಲಿ ಓಡಿಸಿದರು. ಕೊಂಡವರಿಗೆ ತಮ್ಮ ಹೆಸರು ಬೆಳೆಸುವ ಆಸೆ ಇದ್ದರೆ ರೇಸಿಂಗ್ ಬೆಳೆಯುತ್ತದೆ. ಸಾಲ ತೀರಿಸುವ ಚಿಂತೆ ಇದ್ದರೆ ರೇಸಿಂಗ್‌ಗೇ ಮೊದಲು ಕತ್ತರಿ.

ಕೆಟಿಎಂ ಕಥೆಯಲ್ಲಿ ಇವೆರಡೂ ಒಟ್ಟಿಗೆ ಇವೆ. ನಮ್ಮ ಘಾಟಿಯಲ್ಲಿ ಡ್ಯೂಕ್ ಓಡಿಸುವ ಹುಡುಗರು ಗಮನಿಸಿ. 2024ರ ನವೆಂಬರ್‌ನಲ್ಲಿ ಆಸ್ಟ್ರಿಯಾದ ಈ ಬೈಕ್ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದರ ನಡುವೆಯೇ, 2025ರ ಜನವರಿಯಲ್ಲಿ, ಅದರ ಬೈಕಿನಲ್ಲಿ ಡೇನಿಯಲ್ ಸ್ಯಾಂಡರ್ಸ್ ಡಕಾರ್ ಗೆದ್ದರು. ಫೆಬ್ರವರಿಯಲ್ಲಿ ಅದಕ್ಕೆ ಸಾಲ ಕೊಟ್ಟವರು ಒಪ್ಪಿದ್ದು ನೂರು ರೂಪಾಯಿಗೆ ಮೂವತ್ತು. ಪುಣೆಯ ಬಜಾಜ್ ಹಣ ಹಾಕಿ ಉಳಿಸಿತು, ಅದೇ ವರ್ಷ ಹಿಡಿತವನ್ನೂ ತೆಗೆದುಕೊಂಡಿತು. ಕಂಪನಿ ಉಳಿಯಿತು, ರೇಸಿಂಗ್ ಉಳಿಯಿತು. ಬಿಡಿಭಾಗ ಕೊಟ್ಟು ಬಿಲ್ ಬಾಕಿ ಬರಬೇಕಿದ್ದ ಸಣ್ಣ ಕಾರ್ಖಾನೆಯವನಿಗೆ ನೂರಕ್ಕೆ ಎಪ್ಪತ್ತು ರೂಪಾಯಿ ಹೋಯಿತು. ನಮ್ಮಲ್ಲೂ ಅಷ್ಟೇ. ಪ್ರಾಯೋಜಕ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ನಿಮ್ಮ ಬಾಕಿಗೆ ಬ್ಯಾಂಕಿನಷ್ಟು ಬಲ ಇಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಬಂದ ಕೂಡಲೇ ಕ್ಲೇಮ್ ಹಾಕಬೇಕು, ಸುಮ್ನೆ ಕಾಯುತ್ತಾ ಕೂತರೆ ಸಿಗುವ ಮೂವತ್ತೂ ಸಿಗಲ್ಲ.

ತೀರ್ಥಹಳ್ಳಿ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನ ಪ್ರಾಯೋಜಕರದ್ದು ಷೇರು ಮಾರಾಟ. ಒಪ್ಪಂದ ಜೀವಂತ ಇತ್ತು. ನಾವು ನೋಟಿಸ್ ಬದಲು ಮೊದಲು ಒಂದು ಸಾದಾ ಪತ್ರ ಬರೆದೆವು. ಎರಡು ಸೀಸನ್ ಫೋಟೋ, ಬಾಕಿ ಕಂತಿನ ವಿವರ, ಹೊಸ ಲೋಗೋ ಕಳಿಸಿದರೆ ಒಂದು ವಾರದಲ್ಲಿ ಹಾಕಿಸುತ್ತೇವೆ ಎಂಬ ಮಾತು. ಎಡಬಾಗಿಲಿಗೆ ಹಳೆ ಹೆಸರನ್ನೇ ಮತ್ತೆ ಅಂಟಿಸಿ ಅದರ ಫೋಟೋ ಕೂಡ ಸೇರಿಸಿದೆವು. ಆರು ವಾರ ಉತ್ತರ ಇಲ್ಲ. ಆಮೇಲೆ ಎರಡನೇ ಕಂತು ಬಂತು. ಮೂರನೆಯದರಲ್ಲಿ ಅರ್ಧಕ್ಕೆ ರಾಜಿ ಮಾಡಿಕೊಂಡೆವು. ಕೋರ್ಟಿಗೆ ಹೋಗಿದ್ದರೆ ಪೂರ್ತಿ ಸಿಗುತ್ತಿತ್ತೇನೋ, ಆದರೆ ಅಷ್ಟರಲ್ಲಿ ಎರಡು ಸೀಸನ್ ಕಳೆದಿರುತ್ತಿತ್ತು.

ಈ ವರ್ಷ ಅವನಿಗೆ ಬೇರೆ ಪ್ರಾಯೋಜಕರು ಸಿಕ್ಕಿದ್ದಾರೆ. ಹೋದ ತಿಂಗಳು ನನ್ನ ಆಫೀಸಿನಲ್ಲಿ ಕೂತು ಪತ್ರ ಬರೆದೆವು. ಒಡೆತನ ಬದಲಾದರೆ 15 ದಿನದೊಳಗೆ ತಿಳಿಸಬೇಕು. ಹೊಸ ಒಡೆಯರಿಗೆ ಬೇಡವಾದರೆ ನಡೆಯುತ್ತಿರುವ ಸೀಸನ್‌ನ ಹಣ ಪೂರ್ತಿ ಕೊಟ್ಟೇ ಬಿಡಬೇಕು. ಹೆಸರು ಬದಲಾದರೆ ಸ್ಟಿಕ್ಕರ್, ಸೂಟ್ ಖರ್ಚು ಅವರದು. ಹಣದ ಮೊದಲ ಪಾಲು ಸೀಸನ್‌ಗೆ ಮುಂಚೆ ಬೇರೆ ಖಾತೆಗೆ ಬರಬೇಕು, ಅದರಿಂದ ಮೊದಲು ಹೋಗುವುದು ಸರ್ವಿಸ್ ಹುಡುಗರ ಕೂಲಿ. ಕೊನೆಯ ಸಾಲನ್ನು ಡ್ರೈವರೇ ಹೇಳಿ ಬರೆಸಿದ. ಮೂವರು ಮೆಕ್ಯಾನಿಕ್‌ಗಳ ಹೆಸರು, ದಿನಕ್ಕೆ ಎಷ್ಟು, ಎಷ್ಟು ದಿನ ಎಂಬುದನ್ನು ಅನುಬಂಧದಲ್ಲಿ ಹಾಕಿದೆವು. ಹೇರ್ ಡ್ರೈಯರ್ ಹಿಡಿದಿದ್ದ ಹುಡುಗನ ಹೆಸರು ಅದರಲ್ಲಿ ಎರಡನೆಯದು.

ಪತ್ರ ಬೆಂಗಳೂರಿಗೆ ಹೋಗಿ ತಿದ್ದುಪಡಿಯೊಂದಿಗೆ ವಾಪಸ್ ಬಂತು. 15 ದಿನ ಇದ್ದದ್ದನ್ನು 30 ಮಾಡಿದ್ದರು. ಅನುಬಂಧ ಹಾಗೇ ಇತ್ತು. ಸಹಿ ಹಾಕಿಸಿ ಅವತ್ತೇ ಕೊರಿಯರ್ ಮಾಡಿದೆವು.