ಸಂಬಳ ಎಷ್ಟು ಅನ್ನುವ ಮೊದಲು

ವಿದೇಶದಲ್ಲಿ ಮಿಡ್‌ವೈಫ್, ಅಂದರೆ ತರಬೇತಿ ಪಡೆದ ಸೂಲಗಿತ್ತಿ, ಆಗಲು ಹೊರಟ ಕಿರಿಯರು ಮೊದಲು ಕೇಳುವುದು ಸಂಬಳ ಎಷ್ಟು ಎಂದು. ಆ ಹಣವನ್ನು ಯಾವ ಲೆಕ್ಕದಲ್ಲಿ ಕೊಡುತ್ತಾರೆ, ನೌಕರಿಯ ಸಂಬಳವಾಗಿಯೋ ಆರೈಕೆಗೆ ಇಷ್ಟೆಂದೋ, ಎಂದು ಮೊದಲು ವಿಚಾರಿಸಿ ಅನ್ನುತ್ತೇನೆ ನಾನು. ನಿಮ್ಮ ನಿದ್ದೆ, ರಜೆ, ಹೆರಿಗೆಗೆ ಬಂದವಳ ಪರಿಚಯ ನಿಮಗಿರುತ್ತದೋ ಇಲ್ಲವೋ ಎಂಬುದು, ಎಲ್ಲವನ್ನೂ ಬಹುಮಟ್ಟಿಗೆ ತೀರ್ಮಾನಿಸುವುದು ಆ ಲೆಕ್ಕವೇ.

ಬ್ರಿಟನ್‌ನಲ್ಲಿ ಬಹುತೇಕರು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ನೌಕರರು. ದರ್ಜೆಗೆ ತಕ್ಕ ಸಂಬಳ, ಪಿಂಚಣಿ, ಸಂಬಳ ಸಹಿತ ರಜೆ ಎಲ್ಲ ಉಂಟು. ಆದರೆ ಪಾಳಿ ಮುಗಿದರೆ, ನೋವು ತಿನ್ನುತ್ತಿರುವವಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊರಡಬೇಕು. ಬಸುರಿನಿಂದ ಬಾಣಂತನದವರೆಗೆ ಪರಿಚಿತ ಮಿಡ್‌ವೈಫೇ ನೋಡಿಕೊಳ್ಳುವ ಪದ್ಧತಿಯನ್ನು ಹಬ್ಬಿಸಲು ಇಂಗ್ಲೆಂಡ್ ಗಡುವು ಹಾಕಿಕೊಂಡಿತ್ತು. ಸಿಬ್ಬಂದಿ ಸಾಲದೆ 2022ರಲ್ಲಿ ಅದನ್ನು ಕೈಬಿಟ್ಟಿತು. ಅದು ಸರಿಯಾದ ನಿರ್ಧಾರ. ಜನರಿಲ್ಲದೆ ಆ ಪದ್ಧತಿ ನಡೆಸಿದರೆ ತಾಯಿಗೂ ಅಪಾಯ, ಮಿಡ್‌ವೈಫಿಗೂ ಅಪಾಯ.

ನ್ಯೂಜಿಲೆಂಡ್‌ನ ದಾರಿ ಬೇರೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಹೆರಿಗೆ ಮಾಡಿಸುವ ಹಕ್ಕನ್ನು 1990ರ ಕಾನೂನು ಮಿಡ್‌ವೈಫ್‌ಗಳಿಗೆ ಮರಳಿಸಿತು. ಗರ್ಭಿಣಿಯೇ ತನ್ನ ಮಿಡ್‌ವೈಫನ್ನು ಆರಿಸಿಕೊಳ್ಳುತ್ತಾಳೆ. ಸರ್ಕಾರ ಆರೈಕೆಯ ಒಂದೊಂದು ಹಂತಕ್ಕೆ ಇಷ್ಟೆಂದು ಹಣ ಕೊಡುತ್ತದೆ. ಮಗುವಿಗೆ ನಾಲ್ಕರಿಂದ ಆರು ವಾರ ತುಂಬುವವರೆಗೂ ಆ ಮಿಡ್‌ವೈಫೇ ಹೊಣೆ. ನಮ್ಮ ವೃತ್ತಿಗೆ ಇದಕ್ಕಿಂತ ದೊಡ್ಡ ಗೌರವ ಇಲ್ಲ. ಆದರೆ ಫೋನು ಹಗಲೂ ರಾತ್ರಿ ತೆರೆದಿರಬೇಕು. ಬದಲಿಗೆ ನಿಲ್ಲುವವರನ್ನು ಬಹುಮಟ್ಟಿಗೆ ತಾನೇ ಹುಡುಕಿಕೊಳ್ಳಬೇಕು. ಈ ದರಗಳು ಲಿಂಗತಾರತಮ್ಯದಿಂದ ಕೂಡಿವೆ ಎಂದು ಅಲ್ಲಿನ ಮಿಡ್‌ವೈಫ್‌ಗಳ ವೃತ್ತಿ ಸಂಘ 2015ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಕೆನಡಾದ ಒಂಟಾರಿಯೊದಲ್ಲೂ ಇದೇ ದೂರು. 2018ರಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿ ಮಿಡ್‌ವೈಫ್‌ಗಳ ಪರ ತೀರ್ಪು ಕೊಟ್ಟಿತು.

ಜರ್ಮನಿಯಲ್ಲಿ ಪ್ರತಿ ಹೆರಿಗೆಗೂ ಮಿಡ್‌ವೈಫ್ ಇರಲೇಬೇಕು. ವೈದ್ಯರು ಅವರನ್ನು ಕರೆಸಲೇಬೇಕೆಂಬುದು ಕಾನೂನು. ಆದರೂ ಸ್ವತಂತ್ರವಾಗಿ ಕೆಲಸ ಮಾಡುವ ಎಷ್ಟೋ ಮಂದಿ, ತಪ್ಪಾದರೆ ಪರಿಹಾರ ಕೊಡುವ ಹೊಣೆಗಾರಿಕೆ ವಿಮೆಯ ಕಂತು ಏರುತ್ತಾ ಹೋದಂತೆ, ಹೆರಿಗೆ ಮಾಡಿಸುವುದನ್ನೇ ಬಿಟ್ಟು ಬಾಣಂತಿ ಆರೈಕೆಗಷ್ಟೇ ಉಳಿದರು. ಅಮೆರಿಕದಲ್ಲಂತೂ ನಿಯಮ ರಾಜ್ಯಕ್ಕೊಂದು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ನೆದರ್‌ಲೆಂಡ್ಸ್‌ನ ಒಂದು ಏರ್ಪಾಡು. ಹೆರಿಗೆಯಾದ ಮೇಲೆ ತರಬೇತಿ ಪಡೆದ ಬಾಣಂತಿ ಸಹಾಯಕಿ ವಾರಕ್ಕೂ ಮಿಕ್ಕಿ ದಿನಾ ಮನೆಗೆ ಬರುತ್ತಾಳೆ. ಖರ್ಚಿನ ಬಹುಪಾಲು ವಿಮೆಯದು. ಹಾಲು ಕುಡಿಸುವುದು, ಜ್ವರ, ರಕ್ತಸ್ರಾವ ಎಲ್ಲದರ ಮೇಲೂ ಅವಳ ಕಣ್ಣಿರುತ್ತದೆ. ಏನಾದರೂ ಏರುಪೇರಾದರೆ ಮಿಡ್‌ವೈಫಿಗೆ ತಿಳಿಸುತ್ತಾಳೆ. ಮಿಡ್‌ವೈಫ್‌ಗಳೂ ಗುಂಪಾಗಿ ಕ್ಲಿನಿಕ್ ನಡೆಸಿ ರಾತ್ರಿಗಳನ್ನು ಹಂಚಿಕೊಳ್ಳುತ್ತಾರೆ.

ಹಾಗಾಗಿ ಸಂದರ್ಶನಕ್ಕೆ ಹೋದಾಗ ಇವಿಷ್ಟನ್ನು ಕೇಳಿ: ನನ್ನ ರಜೆಯ ದಿನ ಫೋನು ಎತ್ತುವವರು ಯಾರು? ವಿಮೆಯ ಕಂತು ಯಾರದು? ಪಾಳಿ ಮುಗಿದ ಮೇಲೂ ಹೆರಿಗೆ ಕೋಣೆಯಲ್ಲಿ ಉಳಿದರೆ ಆ ಗಂಟೆಗಳಿಗೆ ಹಣ ಬರುತ್ತದೆಯೇ?